ಸೆಲ್ಫ್ ತಿರುಗುತ್ತೆ, ಎಂಜಿನ್ ಹಿಡಿಯಲ್ಲ: ಹಳೇ ಪದ್ಮಿನಿಯ ಕಿಡಿ ಎಲ್ಲಿ ನಿಂತಿದೆ?

ಪ್ರಶ್ನೆ: ನಮ್ಮದು ದಾವಣಗೆರೆ ಪಕ್ಕದ ಹಳ್ಳಿ. ಅಪ್ಪ ಓಡಿಸುತ್ತಿದ್ದ 1987ರ ಪ್ರೀಮಿಯರ್ ಪದ್ಮಿನಿ ಕಾರು ಮನೆಯಲ್ಲಿದೆ. ಅಪ್ಪ ತೀರಿಕೊಂಡ ಮೇಲೆ ಎಂಟು ತಿಂಗಳು ಶೆಡ್‌ನಲ್ಲೇ ನಿಂತಿತ್ತು. ಅದೇ ಶೆಡ್‌ನಲ್ಲಿ ಮೆಕ್ಕೆಜೋಳದ ಚೀಲ ಇಡುತ್ತೇವೆ. ಈಗ ಹೊಸ ಬ್ಯಾಟರಿ ಹಾಕಿಸಿದೆ. ನಾಲ್ಕೂ ಪ್ಲಗ್ ಹೊಸದು ಹಾಕಿದೆವು. ಸೆಲ್ಫ್ ಜೋರಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಒಂದು ಸಲವೂ ಹಿಡಿಯುವುದಿಲ್ಲ. ಪೆಟ್ರೋಲ್ ವಾಸನೆ ಗಮ್ ಅಂತ ಬರುತ್ತದೆ. ಟ್ರ್ಯಾಕ್ಟರ್‌ಗೆ ಹಗ್ಗ ಕಟ್ಟಿ ಎಳೆಸಿದರೂ ಆಗಲಿಲ್ಲ. ಒಬ್ಬ ಮೆಕ್ಯಾನಿಕ್ ಕಾಯಿಲ್ ಹೋಗಿದೆ ಅಂತಾರೆ, ಇನ್ನೊಬ್ಬರು ಕಾರ್ಬ್ಯುರೇಟರ್ ಅಂತಾರೆ, ಮೂರನೆಯವರು ಎಂಜಿನ್ ಬಿಚ್ಚಬೇಕು ಅಂತಾರೆ. ಆಯುಧ ಪೂಜೆಗೆ ಗಾಡಿ ಮನೆ ಮುಂದೆ ನಿಲ್ಲಬೇಕು ಅಂತ ಅಮ್ಮನ ಆಸೆ. ಏನು ಮಾಡಲಿ? ಗುಜರಿಗೆ ಕೊಟ್ಟುಬಿಡಲಾ?

ಉತ್ತರ: ಗುಜರಿಗೆ ಕೊಡಬೇಡಿ. ಎಂಜಿನ್ನೂ ಬಿಚ್ಚಿಸಬೇಡಿ. ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ.

ಸೆಲ್ಫ್ ಜೋರಾಗಿ ತಿರುಗುತ್ತಿದೆ ಅಂದರೆ ಬ್ಯಾಟರಿ, ಸೆಲ್ಫ್ ಮೋಟಾರ್, ದಪ್ಪ ಕೇಬಲ್ ಮೂರೂ ಸರಿ ಇವೆ. ಪೆಟ್ರೋಲ್ ವಾಸನೆ ಬರುತ್ತಿದೆ ಅಂದರೆ ಪೆಟ್ರೋಲ್ ಎಂಜಿನ್‌ವರೆಗೆ ಬರುತ್ತಿದೆ, ಆದರೆ ಉರಿಯುತ್ತಿಲ್ಲ. ತಾನೇ ಓಡಿಕೊಂಡು ಬಂದು ನಿಂತ ಎಂಜಿನ್ನಿನ ನಾಲ್ಕೂ ಸಿಲಿಂಡರ್ ಎಂಟು ತಿಂಗಳಲ್ಲಿ ಒಟ್ಟಿಗೆ ಕೆಡುವುದು ತೀರಾ ಅಪರೂಪ. ಇನ್ನೊಂದು ಮಾತು. ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಸ್ವಲ್ಪ ಹೆಚ್ಚುಕಮ್ಮಿ ಆಗಿದ್ದರೆ ಒಂದು ಸಲವಾದರೂ ಸೈಲೆನ್ಸರ್‌ನಲ್ಲಿ ಡಬ್ ಅನ್ನಬೇಕಿತ್ತು, ಕಾರ್ಬ್ಯುರೇಟರ್‌ನಲ್ಲಿ ಸೀನಬೇಕಿತ್ತು. ನಿಮ್ಮ ಗಾಡಿ ಪೂರಾ ಮೌನ. ನಾಲ್ಕು ಸಿಲಿಂಡರ್‌ಗೂ ಒಟ್ಟಿಗೆ ಕಿಡಿ ತಪ್ಪಿದಾಗ ಹೀಗಾಗುತ್ತದೆ. ಹಾಗಾಗಿ ನಾನು ಮೊದಲು ಡೆಲ್ಕೋ ಒಳಗಿನ ಪಾಯಿಂಟ್, ಅಂದರೆ ಕರೆಂಟ್ ಕೂಡಿಸಿ ಕಡಿಯುವ ಪುಟ್ಟ ಸ್ವಿಚ್, ನೋಡುತ್ತೇನೆ. ಕಾಯಿಲ್ ಅಲ್ಲ, ಕಾರ್ಬ್ಯುರೇಟರ್ ಅಲ್ಲ. ಡೆಲ್ಕೋ ಅಂದರೆ ನಾಲ್ಕೂ ಪ್ಲಗ್ಗಿಗೆ ಸರದಿಯಂತೆ ಕಿಡಿ ಹಂಚುವ ಡಬ್ಬಿ. ಪುಸ್ತಕದಲ್ಲಿ ಡಿಸ್ಟ್ರಿಬ್ಯೂಟರ್ ಅಂತ ಇರುತ್ತದೆ, ಗ್ಯಾರೇಜ್‌ನಲ್ಲಿ ಎಲ್ಲರೂ ಡೆಲ್ಕೋ ಅಂತಲೇ ಅನ್ನೋದು.

ಅದಕ್ಕೂ ಮುಂಚೆ ಒಂದು ಕೆಲಸ ನಿಲ್ಲಿಸಿ. ಟ್ರ್ಯಾಕ್ಟರ್ ಕಟ್ಟಿ ಎಳೆಯುವುದು ಬೇಡವೇ ಬೇಡ. ಕಿಡಿ ಇಲ್ಲದೆ ಎಂಜಿನ್ ತಿರುಗಿದಷ್ಟೂ ಹಸಿ ಪೆಟ್ರೋಲ್ ಸಿಲಿಂಡರ್ ಒಳಗೆ ಇಳಿಯುತ್ತದೆ. ಗೋಡೆಗೆ ಅಂಟಿದ ಆಯಿಲ್ ತೊಳೆದುಹೋಗುತ್ತದೆ. ಆ ಪೆಟ್ರೋಲ್ ಕೆಳಗಿನ ಆಯಿಲ್‌ಗೆ ಸೇರುತ್ತದೆ. ಮಿಕ್ಕಿದ್ದು ಸೈಲೆನ್ಸರ್‌ನಲ್ಲಿ ತುಂಬಿಕೊಂಡು, ಮುಂದೆ ಯಾವಾಗಲೋ ಕಿಡಿ ಸಿಕ್ಕಾಗ ಸೈಲೆನ್ಸರನ್ನೇ ಒಡೆಯಬಹುದು. ಈಗಲೇ ಹೋಗಿ ಆಯಿಲ್ ಡಿಪ್ ಸ್ಟಿಕ್ ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ, ಅಥವಾ ಆಯಿಲ್ ನೀರಿನ ಹಾಗೆ ತೆಳ್ಳಗಾಗಿ ಮಟ್ಟ ಮೇಲೆ ಬಂದಿದ್ದರೆ, ಆ ಆಯಿಲ್‌ನಲ್ಲಿ ಎಂಜಿನ್ ಓಡಿಸಬೇಡಿ. ಮೊದಲು ಬದಲಾಯಿಸಿ. ನಾಲ್ಕೂ ಪ್ಲಗ್ ಬಿಚ್ಚಿ ಒರೆಸಿಡಿ. ಒಂದೊಂದು ತೂತಿಗೂ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಡಿ. ತೊಳೆದುಹೋದ ಆಯಿಲ್ ಅಷ್ಟು ವಾಪಸ್ ಬರುತ್ತದೆ, ಕಂಪ್ರೆಶನ್ನೂ (ಸಿಲಿಂಡರ್ ಒಳಗಿನ ಒತ್ತಡ) ಕೂಡಿಕೊಳ್ಳುತ್ತದೆ. ಎಂಜಿನ್ ಬಿಚ್ಚಬೇಕು ಅಂದವರು, ಎಳೆದ ಮೇಲೆ ಕಂಪ್ರೆಶನ್ ಕಮ್ಮಿ ಇದ್ದಿದ್ದನ್ನು ನೋಡಿ ಹಾಗೆ ಹೇಳಿರಬಹುದು.

ಈಗ ಕಿಡಿ ಇದೆಯಾ ಇಲ್ವಾ ಅಂತ ಕಣ್ಣಲ್ಲೇ ನೋಡೋಣ. ಮೊದಲು ಶೆಡ್ ಬಾಗಿಲು ಪೂರ್ತಿ ತೆಗೆಯಿರಿ, ಪೆಟ್ರೋಲ್ ವಾಸನೆ ಹೋಗುವವರೆಗೆ ಕಾಯಿರಿ. ನಾಲ್ಕೂ ಪ್ಲಗ್ ವಾಪಸ್ ಕೂರಿಸಿ. ತೂತು ತೆರೆದಿದ್ದರೆ ಸೆಲ್ಫ್ ಹೊಡೆದಾಗ ಪೆಟ್ರೋಲ್ ಮಂಜಿನ ಹಾಗೆ ಹೊರಗೆ ಚಿಮ್ಮುತ್ತದೆ, ಅಲ್ಲಿ ಕಿಡಿ ಹಾರಿಸಬಾರದು. ಹೊರಗೆ ಇಟ್ಟುಕೊಂಡ ಐದನೆಯ ಪ್ಲಗ್ ಒಂದು ಬೇಕು, ಹಳೆಯದೇ ಸಾಕು. ಒಂದು ಪ್ಲಗ್ ವೈರ್ ಕಿತ್ತು ಇದಕ್ಕೆ ಸಿಕ್ಕಿಸಿ. ಪ್ಲಗ್ಗಿನ ಕಬ್ಬಿಣದ ಮೈ ಎಂಜಿನ್ನಿಗೆ ತಾಗುವ ಹಾಗೆ, ಕಾರ್ಬ್ಯುರೇಟರ್‌ನಿಂದ ದೂರದಲ್ಲಿ ಭದ್ರವಾಗಿ ಇಡಿ. ಕೈಯಲ್ಲಿ ಹಿಡಿಯಬೇಡಿ, ಅಲ್ಲಿ ಹದಿನೈದು ಇಪ್ಪತ್ತು ಸಾವಿರ ವೋಲ್ಟ್ ಬರುತ್ತದೆ. ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. 5 ಸೆಕೆಂಡ್ ಸಾಕು, ಆಮೇಲೆ ಅರ್ಧ ನಿಮಿಷ ಬಿಡಿ. ನೀಲಿ ಬಣ್ಣದ, ಚಟ್ ಚಟ್ ಸದ್ದಿನ ಕಿಡಿ ಬಂದರೆ ನನ್ನ ಅನುಮಾನ ತಪ್ಪು. ಹಳದಿ ಬಣ್ಣದ ನಿತ್ರಾಣ ಕಿಡಿ ಬಂದರೆ ಅದು ಗಾಳಿಯಲ್ಲಿ ಕಾಣಿಸುತ್ತದೆ, ಕಂಪ್ರೆಶನ್ ಒತ್ತಡದಲ್ಲಿ ಆರಿಹೋಗುತ್ತದೆ. ಹೀಗಾದರೂ, ಏನೂ ಬರದಿದ್ದರೂ ಮುಂದೆ ಓದಿ.

ಕಿಡಿ ಹುಟ್ಟುವ ದಾರಿ ಒಂದು ಸಲ ಮನಸ್ಸಿಗೆ ಬಂದರೆ ಹುಡುಕುವುದು ಸುಲಭ. ಬ್ಯಾಟರಿಯ 12 ವೋಲ್ಟ್ ಕೀ ದಾಟಿ ಕಾಯಿಲ್‌ಗೆ ಬರುತ್ತದೆ. ಕಾಯಿಲ್ ಒಳಗೆ ಎರಡು ಬಗೆಯ ವೈರ್ ಸುತ್ತಿರುತ್ತಾರೆ. ದಪ್ಪ ವೈರಿನ ಸುತ್ತು ಕಮ್ಮಿ, ಸಣ್ಣ ವೈರಿನ ಸುತ್ತು ಸಾವಿರಾರು. ದಪ್ಪ ಸುತ್ತಿನಲ್ಲಿ ಹರಿದ ಕರೆಂಟ್ ಡೆಲ್ಕೋ ಒಳಗಿನ ಪಾಯಿಂಟ್ ಮೂಲಕ ಅರ್ತ್, ಅಂದರೆ ಗಾಡಿಯ ಕಬ್ಬಿಣದ ಮೈ ಸೇರುತ್ತದೆ. ಪಾಯಿಂಟ್ ಮುಚ್ಚಿದ್ದಾಗ ಕಾಯಿಲ್ ಅಯಸ್ಕಾಂತ ಆಗುತ್ತದೆ. ಪಾಯಿಂಟ್ ಬಿಟ್ಟ, ಅಂದರೆ ತೆರೆದ, ಆ ಕ್ಷಣ ಕರೆಂಟ್ ಕಡಿಯುತ್ತದೆ, ಅಯಸ್ಕಾಂತ ಕುಸಿಯುತ್ತದೆ, ಸಣ್ಣ ಸುತ್ತಿನಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಅದು ನಡುವಿನ ದಪ್ಪ ವೈರಿನಲ್ಲಿ ಡೆಲ್ಕೋ ಮುಚ್ಚಳಕ್ಕೆ ಬಂದು, ಅದರೊಳಗೆ ಮುಳ್ಳಿನ ಹಾಗೆ ತಿರುಗುವ ರೋಟರ್ ತೋರಿಸಿದ ಪ್ಲಗ್ಗಿಗೆ ಹೋಗುತ್ತದೆ. ಕಿಡಿ ಹುಟ್ಟುವುದು ಪಾಯಿಂಟ್ ಮುಚ್ಚಿದಾಗ ಅಲ್ಲ, ಬಿಟ್ಟಾಗ. ಆದರೆ ಮೊದಲು ಸರಿಯಾಗಿ ಮುಚ್ಚದೆ ಇದ್ದರೆ ಬಿಡುವುದಕ್ಕೆ ಏನೂ ಇರುವುದಿಲ್ಲ, ಅಲ್ವಾ? ನಿಂತ ಗಾಡಿಯಲ್ಲಿ ಆಗುವುದೇ ಇದು.

ಪಾರ್ಕಿಂಗ್ ಲೈಟಿನ 5 ವ್ಯಾಟ್ ಬಲ್ಬಿಗೆ ಎರಡು ವೈರ್ ಕಟ್ಟಿಕೊಳ್ಳಿ. ನನ್ನ ಪ್ರಕಾರ ಹಳೇ ಗಾಡಿಗೆ ಇದಕ್ಕಿಂತ ಒಳ್ಳೆಯ ಮೀಟರ್ ಇಲ್ಲ. ಒಂದು ವೈರ್ ಎಂಜಿನ್ ಮೈಗೆ ಹಿಡಿಯಿರಿ. ಇನ್ನೊಂದನ್ನು, ಕೀ ಆನ್ ಮಾಡಿ, ಕಾಯಿಲ್‌ನ ಪ್ಲಸ್ ಕಡೆ ಇಡಿ. ಬಲ್ಬ್ ಹತ್ತಬೇಕು. ಹತ್ತದಿದ್ದರೆ ಕೀ ಸ್ವಿಚ್ಚಿನಿಂದ ಕಾಯಿಲ್‌ವರೆಗಿನ ವೈರ್ ಎಲ್ಲೋ ಕಡಿದಿದೆ, ಬೇರೆ ಏನೂ ಮುಟ್ಟಬೇಡಿ, ಅದನ್ನು ಹುಡುಕಿ. ಹತ್ತಿದರೆ ಅದೇ ವೈರನ್ನು ಕಾಯಿಲ್‌ನ ಇನ್ನೊಂದು ಕಡೆಗೆ, ಡೆಲ್ಕೋಗೆ ಸಣ್ಣ ವೈರ್ ಹೋಗುವ ಕಡೆಗೆ ಹಿಡಿದು ಸೆಲ್ಫ್ ಹೊಡೆಸಿ. ಪಾಯಿಂಟ್ ಮುಚ್ಚಿದಾಗ ಬಲ್ಬ್ ಆರುತ್ತದೆ, ಬಿಟ್ಟಾಗ ಹತ್ತುತ್ತದೆ. ಹಾಗಾಗಿ ಬಲ್ಬ್ ಮಿಣಮಿಣ ಅನ್ನಬೇಕು.

ಆರದೆ ಹತ್ತಿಕೊಂಡೇ ಇದ್ದರೆ ಪಾಯಿಂಟ್ ಮುಚ್ಚುತ್ತಿಲ್ಲ, ಇಲ್ಲವೇ ಮುಚ್ಚಿದರೂ ಕರೆಂಟ್ ದಾಟುತ್ತಿಲ್ಲ. ನಿಮ್ಮ ಗಾಡಿಯಲ್ಲಿ ಹೀಗೇ ಇರುತ್ತದೆ ಅಂತ ನನ್ನ ಅನಿಸಿಕೆ. ಹತ್ತದೇ ಇದ್ದರೆ ಡೆಲ್ಕೋ ಕಡೆ ಹೋಗುವ ಆ ಸಣ್ಣ ವೈರನ್ನು ಕಾಯಿಲ್‌ನಿಂದ ಕಿತ್ತು ಮತ್ತೆ ನೋಡಿ. ಈಗ ಹತ್ತಿದರೆ ಡೆಲ್ಕೋ ಒಳಗೆ ಎಲ್ಲೋ ಅರ್ತ್ ಆಗಿದೆ: ಕಂಡೆನ್ಸರ್ (ಪಾಯಿಂಟಿಗೆ ಜೋಡಿಸಿದ ಪುಟ್ಟ ಡಬ್ಬಿ, ಅದರ ಕೆಲಸ ಮುಂದೆ ಹೇಳುತ್ತೇನೆ) ಶಾರ್ಟ್ ಆಗಿದೆ, ಅಥವಾ ಪಾಯಿಂಟಿನ ಪ್ಲಾಸ್ಟಿಕ್ ವಾಷರ್ ತಪ್ಪಿದೆ, ಅಥವಾ ಪಾಯಿಂಟ್ ಬಿಡುತ್ತಲೇ ಇಲ್ಲ. ಕಿತ್ತ ಮೇಲೂ ಹತ್ತದಿದ್ದರೆ ಮಾತ್ರ ಕಾಯಿಲ್‌ನ ದಪ್ಪ ಸುತ್ತು ಒಳಗೆ ಕಡಿದಿದೆ. ಕಾಯಿಲ್ ಹೋಗಿದೆ ಅಂದವರು ಇಷ್ಟು ನೋಡಿ ಹೇಳಿದ್ದರೆ ಅವರ ಮಾತು ಸರಿ.

ಬನ್ನಿ, ಡೆಲ್ಕೋ ಮುಚ್ಚಳ ತೆಗೆಯೋಣ. ಎರಡು ಕ್ಲಿಪ್ ಅಷ್ಟೇ. ಮೇಲಿನ ರೋಟರ್ ಎಳೆದು ಪಕ್ಕಕ್ಕಿಡಿ. ಕೀ ಆಫ್ ಮಾಡಿ, ಗಾಡಿಯನ್ನು ನಾಲ್ಕನೇ ಗೇರಿಗೆ ಹಾಕಿ, ಒಬ್ಬರು ಹಿಂದಿನಿಂದ ಮೆಲ್ಲಗೆ ತಳ್ಳಲಿ. ನಡುವಿನ ಕ್ಯಾಮ್, ಅಂದರೆ ಮೂಲೆಗಳಿರುವ ದಂಡ, ತಿರುಗುತ್ತದೆ, ಪಾಯಿಂಟ್ ತೆರೆದು ಮುಚ್ಚುವುದು ಕಾಣುತ್ತದೆ. ಟಾರ್ಚ್ ಹಾಕಿ ಹತ್ತಿರದಿಂದ ನೋಡಿ. ಒಳ್ಳೆಯ ಪಾಯಿಂಟಿನ ಮುಖ ಬೂದಿ ಬಣ್ಣದಲ್ಲಿ ನಯವಾಗಿ ಇರುತ್ತದೆ. ನಿಂತ ಗಾಡಿಯಲ್ಲಿ ಅದರ ಮೇಲೆ ಮಂಕು ಪೊರೆ ಕಟ್ಟಿರುತ್ತದೆ. ಕಣ್ಣಿನ ಪೊರೆ ಇದ್ದ ಹಾಗೆ, ತೆಳ್ಳಗೆ. ನೋಡಿದರೆ ಪಾಯಿಂಟ್ ಮುಚ್ಚಿದೆ ಅನಿಸುತ್ತದೆ. ಆದರೆ ಆ ಪೊರೆ ದಾಟಲು 12 ವೋಲ್ಟಿಗೆ ಶಕ್ತಿ ಸಾಲದು.

ನನಗೆ ಕೆಲಸ ಕಲಿಸಿದ ಮೇಸ್ತ್ರಿ ಇದನ್ನು ಬೆಂಕಿಪೊಟ್ಟಣದ ಮಗ್ಗುಲು ಹರಿದು ತಿಕ್ಕುತ್ತಿದ್ದರು. ಕಡ್ಡಿ ಗೀರುವ ಆ ಕಂದು ಪಟ್ಟಿಯನ್ನು ಮಡಚಿ ಎರಡು ಪಾಯಿಂಟಿನ ನಡುವೆ ತೂರಿಸಿ, ನಾಲ್ಕು ಸಲ ಎಳೆಯುತ್ತಿದ್ದರು. ಆಮೇಲೆ ಹಳೇ ಮದುವೆ ಕಾರ್ಡಿನ ತುಂಡು ತೂರಿಸಿ ಒಂದು ಸಲ ಎಳೆಯುತ್ತಿದ್ದರು. ಕಾರ್ಡಿನ ಮೇಲೆ ಕಪ್ಪು ಗೆರೆ ಬರುತ್ತಿತ್ತು. ಇನ್ನೊಂದು ಸಲ ಎಳೆಯೋರು, ಗೆರೆ ತೆಳ್ಳಗಾಗೋದು. ಗೆರೆ ಬರದೇ ಇರುವವರೆಗೂ ಬಿಡುತ್ತಿರಲಿಲ್ಲ. ನಾನು ಮೊದಮೊದಲು ತಿಕ್ಕಿ ಹಾಗೇ ಮುಚ್ಚಳ ಹಾಕುತ್ತಿದ್ದೆ. ಉದುರಿದ ಪುಡಿಯೇ ಪಾಯಿಂಟಿನ ನಡುವೆ ಕೂತು ಮತ್ತೆ ಕಿಡಿ ತಡೆಯುತ್ತಿತ್ತು. ಕಾರ್ಡ್ ಎಳೆಯುವ ಕೆಲಸ ಯಾಕೆ ಅಂತ ಆಗ ಗೊತ್ತಾಯಿತು. ನೀವು ಸಣ್ಣ ಎಮರಿ ಕಾಗದ ತಂದುಕೊಳ್ಳಿ, ಆದರೆ ಕಾರ್ಡ್ ಮಾತ್ರ ಮರೆಯಬೇಡಿ. ಕಾರ್ಡ್ ಎಣ್ಣೆ ಸೋಕದ್ದು, ಒಣಗಿದ್ದು ಇರಲಿ. ಪಾಯಿಂಟ್ ಮುಖಕ್ಕೆ ಬೆರಳು ಮುಟ್ಟಿಸಬೇಡಿ, ಬೆರಳಿನ ಜಿಡ್ಡೂ ಪೊರೆಯೇ.

ಒಂದು ಪಾಯಿಂಟಿನಲ್ಲಿ ಗುಳಿ, ಎದುರಿನದರಲ್ಲಿ ಉಬ್ಬು ಎದ್ದಿದ್ದರೆ ತಿಕ್ಕಿ ಪ್ರಯೋಜನ ಇಲ್ಲ. ಹೊಸ ಪಾಯಿಂಟ್ ಹಾಕಿ, ಜೊತೆಗೆ ಕಂಡೆನ್ಸರ್ ಕೂಡ ಬದಲಾಯಿಸಿ. ಪಾಯಿಂಟ್ ಬಿಡುವಾಗ ಅಲ್ಲಿ ಕರೆಂಟ್ ನೆಗೆಯದಂತೆ ತಡೆಯುವುದು ಕಂಡೆನ್ಸರ್. ಅದು ಸೋತಾಗಲೇ ಪಾಯಿಂಟ್ ಹೀಗೆ ಸುಟ್ಟು ಗುಳಿ ಬೀಳುವುದು. ಎಂಜಿನ್ ತಣ್ಣಗಿದ್ದಾಗ ಓಡಿ, ಬಿಸಿಯಾದಾಗ ನಿಲ್ಲುವ ಗಾಡಿಗಳಲ್ಲೂ ನಾನು ಮೊದಲು ಅನುಮಾನ ಪಡುವುದು ಇದನ್ನೇ, ಆಮೇಲೆ ಕಾಯಿಲ್.

ಗ್ಯಾಪ್ ಹೀಗೆ ನೋಡಿ. ಪಾಯಿಂಟಿನ ಹಿಮ್ಮಡಿ, ಅಂದರೆ ಕ್ಯಾಮಿಗೆ ತಾಗುವ ತುಂಡು, ಕ್ಯಾಮಿನ ತುದಿಯ ಮೇಲೆ ನಿಂತಾಗ, ಅಂದರೆ ಅತಿ ಜಾಸ್ತಿ ತೆರೆದಾಗ, 0.4ರಿಂದ 0.5 ಮಿಲಿಮೀಟರ್ ದಪ್ಪದ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಒಳಗೆ ಹೋಗಬೇಕು. ಸಡಿಲವಾಗಿ ಬೀಳಬಾರದು, ಬಿಗಿಯಾಗಿ ತಳ್ಳಬಾರದು, ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಹೋಗಬೇಕು. ಹಿಮ್ಮಡಿ ಸವೆದಷ್ಟೂ ಗ್ಯಾಪ್ ಕಮ್ಮಿಯಾಗುತ್ತದೆ, ಟೈಮಿಂಗ್ ಹಿಂದೆ ಬೀಳುತ್ತದೆ. ಅದಕ್ಕೇ ಕ್ಯಾಮಿಗೆ ಕಡ್ಡಿ ತುದಿಯಷ್ಟು ಗ್ರೀಸ್ ಸವರಿ. ಜಾಸ್ತಿ ಬೇಡ, ಬಿಸಿಯಾಗಿ ಪಾಯಿಂಟಿಗೆ ಸಿಡಿಯುತ್ತದೆ.

ಇಷ್ಟು ಮಾಡಿದರೂ ಬಲ್ಬ್ ಆರದೆ ಹತ್ತಿಕೊಂಡೇ ಇದ್ದರೆ? ಇಲ್ಲೊಂದು ನನ್ನ ಅನುಭವ ಹೇಳಬೇಕು. ಬಹಳ ವರ್ಷದ ಹಿಂದೆ, ಚಿತ್ರದುರ್ಗದಿಂದ ಮದುವೆ ಮುಗಿಸಿ ಬರುತ್ತಿದ್ದ ಕುಟುಂಬದ ಇಂಥದೇ ಗಾಡಿ ಸಂಜೆ ಹೊತ್ತಿಗೆ ಹೈವೇಯಲ್ಲಿ ನಿಂತಿತ್ತು. ಗಾಡಿ ತುಂಬ ಹೆಂಗಸರು, ಮಕ್ಕಳು. ನಾನು ಪಾಯಿಂಟ್ ಬದಲಾಯಿಸಿದೆ, ಕಂಡೆನ್ಸರ್ ಬದಲಾಯಿಸಿದೆ, ಕಾಯಿಲ್ ಕೂಡ ಬದಲಾಯಿಸಿದೆ. ಏನೂ ಆಗಲಿಲ್ಲ. ಕತ್ತಲಾಗಿತ್ತು. ಕೊನೆಗೆ ಡೆಲ್ಕೋ ಒಳಗೆ ಪಾಯಿಂಟಿಗೆ ಬರುವ, ಎರಡು ಇಂಚು ಕೂಡ ಇಲ್ಲದ ಸಣ್ಣ ವೈರನ್ನು ಮೆಲ್ಲಗೆ ಎಳೆದೆ. ರಬ್ಬರಿನ ಹಾಗೆ ಉದ್ದವಾಯಿತು! ಒಳಗಿನ ತಾಮ್ರದ ಎಳೆಗಳು ಪೂರಾ ಕಡಿದಿದ್ದವು, ಮೇಲಿನ ಹೊದಿಕೆ ಮಾತ್ರ ಹಿಡಿದುಕೊಂಡಿತ್ತು. ಆಕ್ಸಲರೇಟರ್ ಕೊಟ್ಟಾಗ ಬಿಟ್ಟಾಗ ವ್ಯಾಕ್ಯೂಮ್ ಎಳೆತಕ್ಕೆ ಪಾಯಿಂಟ್ ಕೂತ ತಟ್ಟೆ ಹಿಂದೆ ಮುಂದೆ ಆಡುವ ಡೆಲ್ಕೋ ಅದು. ಸಾವಿರಾರು ಸಲ ಮಡಚಿ ವೈರ್ ಒಳಗೇ ಮುರಿದಿತ್ತು. ಆ ಹೊತ್ತು ಬಲ್ಬ್ ಹಿಡಿದು ನೋಡಿದ್ದರೆ ಐದು ನಿಮಿಷದ ಕೆಲಸ. ಆ ಮಕ್ಕಳು ರಸ್ತೆ ಬದಿ ಮಲಗಿದ್ದು ಈಗಲೂ ಕಣ್ಣ ಮುಂದೆ ಬರುತ್ತದೆ. ಹಾಗಾಗಿ ಆ ಸಣ್ಣ ವೈರನ್ನೂ, ತಟ್ಟೆಯಿಂದ ಡೆಲ್ಕೋ ಮೈಗೆ ಹೋಗುವ ಅರ್ತ್ ವೈರ್ ಇದ್ದರೆ ಅದನ್ನೂ ಎಳೆದು ನೋಡಿ.

ಬಲ್ಬ್ ಮಿಣಮಿಣ ಅಂದರೂ ಪ್ಲಗ್ಗಿನಲ್ಲಿ ಕಿಡಿ ಇಲ್ಲದಿದ್ದರೆ ಕೆಡುಕು ಮೇಲಿನ ದಾರಿಯಲ್ಲಿದೆ. ಕಾಯಿಲ್‌ನಿಂದ ಬರುವ ನಡುವಿನ ದಪ್ಪ ವೈರನ್ನು ಡೆಲ್ಕೋ ಮುಚ್ಚಳದಿಂದ ಕಿತ್ತು, ಅದರ ತುದಿ ಎಂಜಿನ್ ಕಬ್ಬಿಣದಿಂದ 5 ಮಿಲಿಮೀಟರ್ ದೂರ ಇರುವ ಹಾಗೆ ಭದ್ರವಾಗಿ ಸಿಕ್ಕಿಸಿ, ಸೆಲ್ಫ್ ಹೊಡೆಸಿ. ಅಲ್ಲಿ ನೀಲಿ ಕಿಡಿ ಜೋರಾಗಿ ಬಂದರೆ ಕಾಯಿಲ್ ಸರಿ, ಕೆಟ್ಟಿರುವುದು ಮುಚ್ಚಳ, ರೋಟರ್ ಅಥವಾ ಪ್ಲಗ್ ವೈರ್. ಬಾರದಿದ್ದರೆ ಕಂಡೆನ್ಸರ್ ಇಲ್ಲವೇ ಕಾಯಿಲ್, ಅದರಲ್ಲೂ ಮೊದಲು ಕಂಡೆನ್ಸರ್ ಬದಲಾಯಿಸಿ ನೋಡಿ, ಅದು ಅಗ್ಗ. ಒಂದು ಎಚ್ಚರಿಕೆ: ಈ ಪರೀಕ್ಷೆಗಳ ನಡುವೆ ಕೀ ಆನ್ ಮಾಡಿ ಹಾಗೇ ಬಿಟ್ಟು ಟೀ ಕುಡಿಯಲು ಹೋಗಬೇಡಿ. ಪಾಯಿಂಟ್ ಮುಚ್ಚಿದ ಜಾಗದಲ್ಲಿ ಎಂಜಿನ್ ನಿಂತಿದ್ದರೆ ಕಾಯಿಲ್‌ನಲ್ಲಿ ಕರೆಂಟ್ ಹರಿಯುತ್ತಲೇ ಇರುತ್ತದೆ, ಕೈ ಸುಡುವಷ್ಟು ಬಿಸಿಯಾಗುತ್ತದೆ. ಒಳ್ಳೆಯ ಕಾಯಿಲ್ ಹಾಗೆ ಹಾಳಾಗುತ್ತದೆ.

ಮುಚ್ಚಳವನ್ನು ತಿರುಗಿಸಿ ಒಳಗೆ ನೋಡಿ. ನಡುವೆ ಪೆನ್ಸಿಲ್ ಸೀಸದ ತುಂಡಿನ ಹಾಗೆ ಒಂದು ಕಾರ್ಬನ್ ಇರುತ್ತದೆ, ಸ್ಪ್ರಿಂಗ್ ಮೇಲೆ ಕೂತಿರುತ್ತದೆ. ಬೆರಳಲ್ಲಿ ಒತ್ತಿದರೆ ಒಳಗೆ ಹೋಗಿ ಮೇಲೆ ಬರಬೇಕು. ಅದು ಬಿದ್ದುಹೋಗಿದ್ದರೆ ಕಿಡಿ ರೋಟರ್ ತಲುಪುವುದೇ ಕಷ್ಟ. ಕೂದಲೆಳೆಯಷ್ಟು ಕಪ್ಪು ಗೆರೆ ಒಂದು ಹಿತ್ತಾಳೆ ಗುಬ್ಬಿಯಿಂದ ಇನ್ನೊಂದಕ್ಕೆ ಓಡಿದ್ದರೆ ಅದು ಕೊಳೆಯಲ್ಲ, ಕಿಡಿ ಕಳ್ಳದಾರಿ ಮಾಡಿಕೊಂಡ ಗುರುತು. ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಮುಚ್ಚಳ ಬದಲಾಯಿಸಬೇಕು. ಬರೀ ತೇವ ಇದ್ದರೆ ಒಣ ಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಇಡಿ. ನಮ್ಮ ಕಡೆ ಒಣ ಹವೆ ಅಂತ ಇದನ್ನು ಬಿಡಬೇಡಿ. ಹಿಂಗಾರು ಮಳೆ ಹೊತ್ತಿನಲ್ಲಿ, ಅದರಲ್ಲೂ ಭದ್ರಾ ಕಾಲುವೆಯ ಗದ್ದೆ ಬಯಲಿನ ಊರುಗಳಲ್ಲಿ, ಬೆಳಗ್ಗೆ ಮುಚ್ಚಳದ ಒಳಗೆ ಬೆವರಿದ ಹಾಗೆ ಹನಿ ಕೂತಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಮೆಕ್ಕೆಜೋಳದ ಮಾತು ಮರೆತಿಲ್ಲ. ಜೋಳ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ವೈರಿಗೆ ಉಳಿಗಾಲ ಇಲ್ಲ. ಏರ್ ಫಿಲ್ಟರ್ ಡಬ್ಬದ ಕೆಳಗೆ, ಬಾನೆಟ್ ಮೂಲೆಗಳಲ್ಲಿ ಹಿಕ್ಕೆ, ಹರಿದ ಗೋಣಿ ನಾರು ಇದೆಯಾ ನೋಡಿ. ಒಂದೊಂದು ವೈರನ್ನೂ ಪೂರ್ತಿ ಉದ್ದಕ್ಕೆ ಬೆರಳಾಡಿಸಿ. ಮೇಲೆ ಚೆನ್ನಾಗಿ ಕಂಡು ಕೆಳಮಗ್ಗುಲಲ್ಲಿ ಕಡಿದಿರುತ್ತದೆ. ಶೆಡ್ ಕತ್ತಲಾದ ಮೇಲೆ ಸೆಲ್ಫ್ ಹೊಡೆಸಿ ನೋಡಿದರೆ ಹಲ್ಲು ತಾಗಿದ ಜಾಗದಲ್ಲಿ ಕಿಡಿ ಹೊರಗೆ ಹಾರುವುದು ನಿಮಗೇ ಕಾಣುತ್ತದೆ. ಆ ವೈರಿಗೆ ಟೇಪ್ ಸುತ್ತಬೇಡಿ, ಹೊಸದು ಹಾಕಿ.

ಪ್ಲಗ್ ಬದಲಾಯಿಸುವಾಗ ವೈರ್ ಅದಲುಬದಲು ಆಗಿದೆಯಾ ಅಂತಲೂ ನೋಡಿಕೊಳ್ಳಿ. ಪದ್ಮಿನಿಯ 1089 ಸಿಸಿ ಎಂಜಿನ್ನಿನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳಿಗೆ ಕಿಡಿ ಹೋಗುವ ಸರದಿ, 1-3-4-2. ಒಂದನೇ ಸಿಲಿಂಡರ್ ರೇಡಿಯೇಟರ್ ಕಡೆಯದು. ರೋಟರ್ ತಿರುಗುವ ದಿಕ್ಕಿನಲ್ಲೇ ಈ ಕ್ರಮ ಎಣಿಸಬೇಕು. ಹೊಸ ಪ್ಲಗ್ ಅಂಗಡಿಯಿಂದ ತಂದ ಹಾಗೇ ಹಾಕಿದ್ದರೆ ಗ್ಯಾಪ್ ಕೂಡ ಅಳೆಯಿರಿ, 0.6 ಮಿಲಿಮೀಟರ್ ಸುಮಾರು ಇರಲಿ. ಗೇಜ್ ಇಲ್ಲದ ಕಾಲದಲ್ಲಿ ಕಬ್ಬಿಣ ಕೊಯ್ಯುವ ಆಕ್ಸಾ ಬ್ಲೇಡ್ ತೂರಿಸಿ ನೋಡುತ್ತಿದ್ದೆವು, ಅದರ ದಪ್ಪ ಹೆಚ್ಚುಕಮ್ಮಿ ಅಷ್ಟೇ.

ಕಾರ್ಬ್ಯುರೇಟರ್ ಬಗ್ಗೆ ಎರಡೇ ಮಾತು. ಎಂಟು ತಿಂಗಳ ಪೆಟ್ರೋಲ್ ಟ್ಯಾಂಕಿನಲ್ಲಿದ್ದರೆ ಇಳಿಸಿ, ಹೊಸದು ಹಾಕಿ. ಹಳೇ ಪೆಟ್ರೋಲ್ ವಾರ್ನಿಷ್ ವಾಸನೆ ಹೊಡೆಯುತ್ತದೆ. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಅದು ತೇವ ಎಳೆಯುತ್ತದೆ, 1987ರ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತದೆ. ಪೈಪು ಬಿರುಕು ಬಿಟ್ಟು ಜಿನುಗುತ್ತಿದ್ದರೆ, ಕಿಡಿ ಪರೀಕ್ಷೆಗೂ ಮುಂಚೆ ಎಥನಾಲ್ ತಡೆಯುವ ಪೈಪ್ ಹಾಕಿಸಿ. ಗಮ್ ಅನ್ನುವ ವಾಸನೆ ಅಲ್ಲಿಂದಲೂ ಬರುತ್ತಿರಬಹುದು, ಬೆಂಕಿಯ ಅಪಾಯ ಅದು.

ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಕಿಟ್ ಹಾಕಿಸಿ ಅಂತ ಯಾರಾದರೂ ಹೇಳಬಹುದು. ಕಿಟ್ ಕೆಟ್ಟದ್ದಲ್ಲ, ಪಾಯಿಂಟ್ ಸವೆಯುವ ತಾಪತ್ರಯ ತಪ್ಪುತ್ತದೆ. ಆದರೆ ಈಗ ಬೇಡ. ಕಡಿದ ವೈರ್, ಒಡೆದ ಮುಚ್ಚಳ ಹಾಗೇ ಇಟ್ಟುಕೊಂಡು ಕಿಟ್ ಹಾಕಿದರೆ ದುಡ್ಡು ಹೋಗುತ್ತದೆ, ಕೆಡುಕು ಉಳಿಯುತ್ತದೆ. ಮೊದಲು ಇದ್ದಿದ್ದರಲ್ಲೇ ಓಡಲಿ. ಅಪ್ಪನ ಗಾಡಿಯ ಹಳೇ ಭಾಗ ಯಾವುದನ್ನೂ ಎಸೆಯಬೇಡಿ. ಈಗ ಸಿಗುವ ಡೂಪ್ಲಿಕೇಟ್ ರೋಟರ್, ಕಂಡೆನ್ಸರ್ ಎಷ್ಟೋ ಸಲ ಪೊಟ್ಟಣದಿಂದ ತೆಗೆದಾಗಲೇ ಕೆಟ್ಟಿರುತ್ತವೆ. ಹೊಸದು ಹಾಕಿ ಆಗದಿದ್ದರೆ ಹಳೆಯದನ್ನು ವಾಪಸ್ ಹಾಕಿ ನೋಡಲು ಬೇಕಾಗುತ್ತದೆ.

ಕಿಡಿ ಸಿಕ್ಕ ಮೇಲೆ ಸ್ಟಾರ್ಟ್ ಮಾಡುವಾಗ ಚೋಕ್ ಎಳೆಯಬೇಡಿ, ಒಳಗೆ ಈಗಾಗಲೇ ಪೆಟ್ರೋಲ್ ಜಾಸ್ತಿ ಇದೆ. ಆಕ್ಸಲರೇಟರ್ ಪೂರ್ತಿ ಒತ್ತಿ ಹಿಡಿದು, ಪಂಪ್ ಮಾಡದೆ, ಸೆಲ್ಫ್ ಹೊಡೆಯಿರಿ. ಮೊದಲು ಒಂದು ಸಿಲಿಂಡರ್ ಹಿಡಿಯುತ್ತದೆ, ಆಮೇಲೆ ಇನ್ನೊಂದು. ಗಾಡಿ ಕೆಮ್ಮುತ್ತದೆ. ನೀವು ಬಿಟ್ಟ ಆಯಿಲ್‌ಗೆ ನೀಲಿ ಹೊಗೆ ಬರುತ್ತದೆ, ಹೆದರಬೇಡಿ, ಕೆಲವು ನಿಮಿಷದಲ್ಲಿ ನಿಲ್ಲುತ್ತದೆ. ಹಿಡಿದ ಕೂಡಲೇ ಕಾಲು ಸಡಿಲಿಸಿ, ಆಯಿಲ್ ಲೈಟ್ ಆರಿತಾ ನೋಡಿ. ಆರದಿದ್ದರೆ ತಕ್ಷಣ ಬಂದ್ ಮಾಡಿ.

ರಸ್ತೆಗೆ ಇಳಿಸುವ ಮುಂಚೆ ಬ್ರೇಕ್ ನೋಡಿಸಿ. ಎಂಟು ತಿಂಗಳು ನಿಂತ ಗಾಡಿಯ ಬ್ರೇಕ್ ಸಿಲಿಂಡರ್ ಹಿಡಿದುಕೊಂಡಿರಬಹುದು, ಟೈರ್ ಬಿರುಕು ಬಿಟ್ಟಿರಬಹುದು. ಮೊದಲ ದಿನ ದಾವಣಗೆರೆ ಪಕ್ಕದ ಬಾತಿ ಗುಡ್ಡದವರೆಗೆ ಮಾತ್ರ ಹೋಗಿ ಬನ್ನಿ. ಬಂದ ಮೇಲೆ ಆಯಿಲ್ ಇನ್ನೊಮ್ಮೆ ಮೂಸಿ ನೋಡಿ. ಅಮ್ಮನನ್ನು ಎರಡನೇ ದಿನ ಕೂರಿಸಿಕೊಳ್ಳಿ. ಪೂಜೆ ದಿನ ನಿಂಬೆಹಣ್ಣು ಚಕ್ರದ ಕೆಳಗೆ ಇಡುವ ಮುಂಚೆ ಜೋಳದ ಚೀಲಗಳನ್ನು ಬೇರೆ ಕೋಣೆಗೆ ಸಾಗಿಸಿಬಿಡಿ.